ಹಿರಿಯರ ಮುಖವಾಡ, ಕಿರಿಯರ ಮುಖ: ವಾರಸುದಾರ ವೀರರಿಗೆ ಸ್ವಂತ ಹೆಸರು ದಕ್ಕುವುದು ಯಾವಾಗ?

ಕಾಮಿಕ್ಸ್ ಲೋಕದ ಪ್ರಶ್ನೆಗೆ ಕಾವೇರಿ ತೀರದ ನಾಲ್ಕು ತಾಲ್ಲೂಕುಗಳಲ್ಲಿ ಉತ್ತರ

ಮಂಡ್ಯ: ತಂದೆಯ, ಗುರುವಿನ ಅಥವಾ ನಾಯಕನ ಹೆಸರನ್ನು ಹೊತ್ತು ರಂಗಕ್ಕೆ ಬರುವವರ ಬಗ್ಗೆ ಜನ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಇವರು ಅವರಂತೆ ಆಗಬಲ್ಲರೇ?’ ಕೆಲವು ವರ್ಷ ಕಳೆದ ಮೇಲೆ ಅದೇ ಪ್ರಶ್ನೆ ತಿರುವುಮುರುವಾಗುತ್ತದೆ: ‘ಇವರು ಅವರಿಗಿಂತ ಬೇರೆಯಾಗಿ ಏನಾದರೂ ಆದರೇ?’ ಮೊದಲ ಪ್ರಶ್ನೆಗೆ ಹೋಲಿಕೆಯೇ ಉತ್ತರ. ಎರಡನೆಯದಕ್ಕೆ ಕೆಲಸ ಬೇಕು.

ಅಮೆರಿಕದ ಕಾಮಿಕ್ಸ್ ಲೋಕದಲ್ಲಿ ಈ ಪ್ರಶ್ನೆ ಹಳೆಯದು. ಅಲ್ಲಿ ಒಬ್ಬ ಸೂಪರ್ ಹೀರೋ ಮಡಿದರೆ ಅಥವಾ ನಿವೃತ್ತನಾದರೆ ಅವನ ವೇಷವನ್ನೂ ಹೆಸರನ್ನೂ ಮತ್ತೊಬ್ಬ ಧರಿಸುತ್ತಾನೆ. ಓದುಗರು ಹೊಸಬನನ್ನು ಹಳಬನ ನೆರಳೆಂದು ಕಾಣುತ್ತಾರೆಯೇ, ಸ್ವತಂತ್ರ ವೀರನೆಂದು ಒಪ್ಪುತ್ತಾರೆಯೇ ಎಂಬುದೇ ಅಲ್ಲಿನ ಚರ್ಚೆ. ಆದರೆ ಈ ಪ್ರಶ್ನೆಯನ್ನು ಪರೀಕ್ಷಿಸಲು ಅಷ್ಟು ದೂರ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಚರಿತ್ರೆ, ರಾಜಕಾರಣ ಹಾಗೂ ಮಠ ಪರಂಪರೆಗಳಲ್ಲಿ ಬಗೆಬಗೆಯ ವಾರಸುದಾರರು ಸಿಗುತ್ತಾರೆ. ಇಲ್ಲಿ ಉತ್ತರ ಹೇಳುವವರು ಕಾಮಿಕ್ಸ್ ಓದುಗರಲ್ಲ. ಪ್ರಜೆಗಳು ಮತ್ತು ಮತದಾರರು. ಅವರ ತೀರ್ಪಿಗೆ ನಾಲೆಯ ನೀರಿನ, ಕಬ್ಬಿನ ಬೆಲೆಯ, ಆಸ್ಪತ್ರೆಯ ಹಾಸಿಗೆಯ ತೂಕವಿದೆ.

ಮುಖವಾಡದಲ್ಲಿ ಮೂರು ಬಗೆ

ಕನ್ನಡ ಓದುಗರಿಗೂ ಚಿರಪರಿಚಿತನಾದ ಫ್ಯಾಂಟಮ್‌ನಿಂದಲೇ ಆರಂಭಿಸಬಹುದು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಪಾತ್ರ ವಾಸ್ತವವಾಗಿ ಒಬ್ಬ ವ್ಯಕ್ತಿಯಲ್ಲ, ಒಂದು ವಂಶ. ಕಥೆಯ ಪ್ರಕಾರ 1536ರಲ್ಲಿ ಆರಂಭವಾದ ಸಾಲಿನಲ್ಲಿ ಈಗಿನ ಫ್ಯಾಂಟಮ್ 21ನೆಯವನು. ತಂದೆ ಸತ್ತ ಕೂಡಲೇ ಮಗ ಅದೇ ಮುಖವಾಡ, ಅದೇ ಉಂಗುರ ಧರಿಸುತ್ತಾನೆ. ಹಿಂದಿನವನು ಸತ್ತದ್ದು ಕಾಡಿನ ಜನರಿಗೆ ತಿಳಿಯುವುದೇ ಇಲ್ಲ. ಅವರ ಪಾಲಿಗೆ ಫ್ಯಾಂಟಮ್ ಸಾವಿಲ್ಲದವನು. ಇಲ್ಲಿ ವಾರಸುದಾರ ಪ್ರತ್ಯೇಕವಾಗಿ ಕಾಣಿಸಿಕೊಳ್ಳುವುದೇ ಅಪಾಯ. ವ್ಯಕ್ತಿ ಅಳಿದರೂ ಪೀಠ ಉಳಿಯಬೇಕು ಎಂಬುದು ಈ ಬಗೆಯ ನಿಯಮ.

ಎರಡನೆಯ ಬಗೆಗೆ ಮಿಂಚಿನ ವೇಗದ ಫ್ಲ್ಯಾಶ್ ಉದಾಹರಣೆ. 1940ರಲ್ಲಿ ಜೇ ಗ್ಯಾರಿಕ್, 1956ರಲ್ಲಿ ಬ್ಯಾರಿ ಆಲನ್ ಈ ಹೆಸರಿನಲ್ಲಿ ಬಂದರು. 1985ರ ಕಥೆಯಲ್ಲಿ ಬ್ಯಾರಿ ಮಡಿದ ಮೇಲೆ ಅವನ ಶಿಷ್ಯ ವಾಲಿ ವೆಸ್ಟ್ ಆ ವೇಷ ಧರಿಸಿದ. ಬಹುಕಾಲ ವಾಲಿಗೆ ಗುರುವಿನಷ್ಟು ವೇಗವಾಗಿ ಓಡಲಾಗುತ್ತಿರಲಿಲ್ಲ. ಅದಕ್ಕೆ ಕಾರಣ ಕಾಲಿನ ದೌರ್ಬಲ್ಯವಲ್ಲ, ಗುರುವಿನ ಸ್ಥಾನವನ್ನು ತಾನು ಪೂರ್ತಿಯಾಗಿ ಆಕ್ರಮಿಸಿಬಿಡುವೆನೆಂಬ ಅಳುಕು ಎಂಬುದನ್ನು 1993ರ ಒಂದು ಕಥಾಸರಣಿ ತೋರಿಸಿತು. ಆ ಅಳುಕು ಹೋದ ದಿನ ಅವನು ಗುರುವನ್ನು ಮೀರಿದ. ಮುಖವಾಡ ಬದಲಾಗಲಿಲ್ಲ, ಅದನ್ನು ಧರಿಸಿದವನ ಮನಸ್ಸು ಬದಲಾಯಿತು.

ಮೂರನೆಯ ಬಗೆ ಬ್ಯಾಟ್‌ಮನ್‌ನ ಜೊತೆಗಾರ ರಾಬಿನ್ ಪಾತ್ರದ್ದು. 1940ರಿಂದ ಗುರುವಿನ ಜೊತೆಗಿದ್ದ ಡಿಕ್ ಗ್ರೇಸನ್ 1984ರಲ್ಲಿ ಆ ಹೆಸರನ್ನು ಬಿಟ್ಟು ನೈಟ್‌ವಿಂಗ್ ಎಂಬ ಬೇರೆ ಹೆಸರು ಪಡೆದ. ಗುರು ಬದುಕಿರುವಾಗಲೇ ಮನೆ ಬಿಟ್ಟು ಹೊರಟವನು ಅವನು. ಒಂದೇ ಹೆಸರಿನಲ್ಲಿ ಉಳಿಯುವುದು, ಅದೇ ಹೆಸರಿನಲ್ಲಿ ಮೀರುವುದು, ಹೆಸರನ್ನೇ ಬಿಡುವುದು – ಈ ಮೂರೂ ಬಗೆಗಳನ್ನು ನಾಲ್ಕು ತಾಲ್ಲೂಕುಗಳಲ್ಲಿ ಗುರುತಿಸಬಹುದು.

ಶ್ರೀರಂಗಪಟ್ಟಣ: ಗುಟ್ಟಾಗಿ ಇಟ್ಟ ಸಾವು

ಫ್ಯಾಂಟಮ್ ಕಥೆಯಲ್ಲಿ ನಡೆಯುವಂಥದೇ ಒಂದು ಪ್ರಸಂಗ ಮೈಸೂರು ಸಂಸ್ಥಾನದ ಇತಿಹಾಸದಲ್ಲಿದೆ. ಎರಡನೇ ಆಂಗ್ಲೋ-ಮೈಸೂರು ಯುದ್ಧ ನಡೆಯುತ್ತಿದ್ದಾಗಲೇ, 1782ರ ಡಿಸೆಂಬರ್ 7ರಂದು ಹೈದರ್ ಅಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ನಿಧನ ಹೊಂದಿದ. ಮಗ ಟಿಪ್ಪು ಆಗ ಮಲಬಾರ್ ಕಡೆಯ ಯುದ್ಧದಲ್ಲಿದ್ದ. ಸೈನ್ಯ ಕದಡಬಾರದೆಂದು ಅಧಿಕಾರಿಗಳು ಸಾವಿನ ಸುದ್ದಿಯನ್ನು ಮುಚ್ಚಿಟ್ಟು, ಟಿಪ್ಪು ಬರುವವರೆಗೆ ಹೈದರನ ಹೆಸರಿನಲ್ಲೇ ಆಜ್ಞೆಗಳು ಹೊರಡುವಂತೆ ನೋಡಿಕೊಂಡರು. ಮಗ ಬಂದು ಸೇನೆಯ ಹೊಣೆ ಹೊತ್ತ ಮೇಲೆಯೇ ತಂದೆಯ ಸಾವು ಬಹಿರಂಗವಾಯಿತು.

ಹೈದರನ ನೆರಳು ಸಣ್ಣದಾಗಿರಲಿಲ್ಲ. ಸಾಮಾನ್ಯ ಸೈನಿಕನಾಗಿ ಮೊದಲಿಟ್ಟು 1761ರ ವೇಳೆಗೆ ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡವನು ಅವನು. 1769ರಲ್ಲಿ ಮದರಾಸಿನ ಬಾಗಿಲವರೆಗೆ ಸೈನ್ಯ ನಡೆಸಿ ಇಂಗ್ಲಿಷರಿಂದ ಒಪ್ಪಂದ ಪಡೆದಿದ್ದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದರಲ್ಲಿ ತಂದೆ, ಮಗ ಇಬ್ಬರೂ ಇದ್ದಾರೆ. ಆ ಅರಮನೆ ಕಟ್ಟಿಸಿದವನು ಮಗನೇ. ತನ್ನ ಅರಮನೆಯ ಗೋಡೆಯಿಂದ ತಂದೆಯನ್ನು ಅವನು ಅಳಿಸಲಿಲ್ಲ.

ನಾಣ್ಯಗಳಲ್ಲಿಯೂ ಇದೇ ಕಥೆ. ಟಿಪ್ಪುವಿನ ಕಾಲದ ಅನೇಕ ನಾಣ್ಯಗಳ ಮೇಲೆ ಹೈದರ್ ಹೆಸರಿನ ಮೊದಲ ಪರ್ಷಿಯನ್ ಅಕ್ಷರವಿದೆ. ಆದರೆ ಹುಲಿಪಟ್ಟೆಯ ಗುರುತು ಮಾತ್ರ ಮಗನದೇ. ಸೈನಿಕರ ಉಡುಪಿನಿಂದ ಸಿಂಹಾಸನದವರೆಗೆ ಎಲ್ಲೆಡೆ ಅದನ್ನು ಬಳಸಿ, ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಟಿಪ್ಪು ತನ್ನದೇ ಒಂದು ಲಾಂಛನವನ್ನು ರೂಪಿಸಿಕೊಂಡ. ತಂದೆ ಒಡೆಯರ್ ಅರಸನನ್ನು ಹೆಸರಿಗಾದರೂ ಸಿಂಹಾಸನದಲ್ಲಿ ಉಳಿಸಿಕೊಂಡಿದ್ದ. ಮಗ ಆ ತೆರೆಯನ್ನೂ ಸರಿಸಿದ. 1796ರಲ್ಲಿ ಖಾಸಾ ಚಾಮರಾಜ ಒಡೆಯರ್ ತೀರಿಕೊಂಡ ಮೇಲೆ ಮತ್ತೊಬ್ಬ ಅರಸನನ್ನು ಕೂರಿಸಲಿಲ್ಲ. ತಂದೆಗೆ ಓದುಬರಹ ತಿಳಿದಿರಲಿಲ್ಲ, ಮಗ ದೊಡ್ಡ ಗ್ರಂಥ ಭಂಡಾರವನ್ನೇ ಇಟ್ಟುಕೊಂಡಿದ್ದ. ರೇಷ್ಮೆ ಕೃಷಿ, ಹೊಸ ಪಂಚಾಂಗ, ಹೊಸ ಅಳತೆ ತೂಕಗಳು ಅವನ ಸ್ವಂತ ಪ್ರಯೋಗಗಳು.

ಪ್ರತ್ಯೇಕತೆ ಎಂದರೆ ಗೆಲುವು ಮಾತ್ರವಲ್ಲ ಎಂಬುದನ್ನೂ ಶ್ರೀರಂಗಪಟ್ಟಣ ಹೇಳುತ್ತದೆ. 1784ರ ಮಂಗಳೂರು ಒಪ್ಪಂದ ಟಿಪ್ಪುವನ್ನು ತಂದೆಯ ಸಮಕ್ಕೆ ನಿಲ್ಲಿಸಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ರಾಜ್ಯದ ಅರ್ಧ ಭಾಗ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾಳುಗಳಾದರು. ಇಂಥ ಸೋಲು ಹೈದರನ ಲೆಕ್ಕದಲ್ಲಿ ಇರಲಿಲ್ಲ. 1799ರ ಮೇ 4ರಂದು ಕೋಟೆಯೊಳಗೇ ಹೋರಾಡುತ್ತ ಟಿಪ್ಪು ಮಡಿದ. ತಂದೆ ತಾಯಿಗಾಗಿ ತಾನೇ ಕಟ್ಟಿಸಿದ್ದ ಗುಂಬಜ್‌ನಲ್ಲಿ ಅವನ ಸಮಾಧಿಯೂ ಇದೆ. ಇಂದು ಅಲ್ಲಿಗೆ ಬರುವ ಪ್ರವಾಸಿಗರ ಬಾಯಲ್ಲಿ ಅದು ಟಿಪ್ಪು ಸಮಾಧಿ. ಧಾರ್ಮಿಕ ನೀತಿಯ ಬಗ್ಗೆ ನಡೆಯುವ ವಾದವಿವಾದವೂ ಮಗನ ಸುತ್ತಲೇ; 2015ರಲ್ಲಿ ಸರ್ಕಾರ ಆರಂಭಿಸಿದ ಜಯಂತಿ, 2019ರಲ್ಲಿ ಮತ್ತೊಂದು ಸರ್ಕಾರ ಅದನ್ನು ರದ್ದುಪಡಿಸಿದ್ದು ಎರಡೂ ಅವನ ಹೆಸರಿನಲ್ಲೇ ನಡೆದವು. ಹೊಗಳಿಕೆಯೂ ತೆಗಳಿಕೆಯೂ ತಂದೆಯ ಖಾತೆಗೆ ಹೋಗದೆ ಸ್ವಂತ ಖಾತೆಗೆ ಬೀಳುವುದೇ ಪ್ರತ್ಯೇಕತೆಯ ಮೊದಲ ಗುರುತು.

‘ನಾಲ್ಕನೆಯವರು’ ನಾಲ್ವಡಿಯಾದ ಬಗೆ

ಟಿಪ್ಪುವಿನ ನಂತರ ಮತ್ತೆ ಸಿಂಹಾಸನಕ್ಕೆ ಬಂದ ಒಡೆಯರ್ ಮನೆತನದಲ್ಲಿ ಇನ್ನೂ ಸ್ಪಷ್ಟವಾದ ಉದಾಹರಣೆ ಇದೆ. ಕೃಷ್ಣರಾಜ ಎಂಬುದು ಆ ವಂಶದಲ್ಲಿ ಮರಳಿ ಮರಳಿ ಬಂದ ಹೆಸರು. ದೊಡ್ಡ ಕೃಷ್ಣರಾಜ, ಇಮ್ಮಡಿ, ಮುಮ್ಮಡಿ, ಆಮೇಲೆ ನಾಲ್ವಡಿ. ಫ್ಯಾಂಟಮ್‌ಗಳಿಗೆ ಇರುವಂತೆಯೇ ಕ್ರಮಸಂಖ್ಯೆ. ಇಮ್ಮಡಿಯವರು ಹೈದರನ ಕಾಲದಲ್ಲಿ ಹೆಸರಿಗಷ್ಟೇ ಅರಸರಾಗಿದ್ದವರು. 1799ರಲ್ಲಿ ಬಾಲಕರಾಗಿದ್ದಾಗಲೇ ಪಟ್ಟವೇರಿದ ಮುಮ್ಮಡಿಯವರ ಕೈಯಿಂದ ಬ್ರಿಟಿಷರು 1831ರಲ್ಲಿ ಆಡಳಿತ ಕಿತ್ತುಕೊಂಡರು. ಹೀಗೆ ಹೆಸರಿನ ಜೊತೆಗೆ ನಷ್ಟದ ನೆನಪೂ ಬಂದಿತ್ತು.

ನಾಲ್ವಡಿ ಕೃಷ್ಣರಾಜ ಒಡೆಯರು 1894ರಲ್ಲಿ ತಂದೆ ಚಾಮರಾಜ ಒಡೆಯರನ್ನು ಕಳೆದುಕೊಂಡಾಗ ಹತ್ತು ವರ್ಷದ ಬಾಲಕ. ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿ ರಾಜ್ಯ ನಡೆಸಿ, 1902ರಲ್ಲಿ ಮಗನಿಗೆ ಅಧಿಕಾರ ಒಪ್ಪಿಸಿದರು. ಆಗ ಅವರ ಗುರುತು ‘ನಾಲ್ಕನೆಯವರು’ ಎಂಬುದಷ್ಟೇ. ಆದರೆ 1940ರ ಆಗಸ್ಟ್ 3ರಂದು ಅವರು ತೀರಿಕೊಳ್ಳುವ ಹೊತ್ತಿಗೆ ಕನ್ನಂಬಾಡಿಯಲ್ಲಿ ಅಣೆಕಟ್ಟು ನಿಂತಿತ್ತು, ಮೈಸೂರು ವಿಶ್ವವಿದ್ಯಾಲಯ 1916ರಿಂದ ನಡೆಯುತ್ತಿತ್ತು, ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ದಾರಿಯನ್ನು 1918ರ ಮಿಲ್ಲರ್ ಸಮಿತಿ ತೆರೆದಿತ್ತು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದೂ ಅವರ ಆಳ್ವಿಕೆಯಲ್ಲೇ, 1939ರಲ್ಲಿ.

ಶ್ರೀರಂಗಪಟ್ಟಣ ತಾಲ್ಲೂಕಿನ ಆ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿನ ರೈತನಿಗೆ ಬಾಯಿಪಾಠ. 1911ರಲ್ಲಿ ಆರಂಭವಾದ ಕಟ್ಟಡ 1930ರ ದಶಕದ ಆರಂಭದಲ್ಲಿ ಮುಗಿದು, ನಾಲೆಯ ನೀರು ಮಂಡ್ಯದ ಒಣ ಹೊಲಗಳಿಗೆ ಹರಿಯಿತು. 1933ರಲ್ಲಿ ಮೈಷುಗರ್ ಕಾರ್ಖಾನೆ ಬಂತು. ಆ ನೀರೇ ನಾಲ್ವಡಿಯವರನ್ನು ಉಳಿದ ಮೂವರು ಕೃಷ್ಣರಾಜರಿಂದ ಬೇರ್ಪಡಿಸಿತು. ಇಂದು ‘ನಾಲ್ವಡಿ’ ಎಂದರೆ ಸಾಕು. ಮುಂದಿನ ಹೆಸರು ಹೇಳಬೇಕಾಗಿಲ್ಲ. ಕ್ರಮಸಂಖ್ಯೆಯೇ ಅಂಕಿತನಾಮವಾಗಿದೆ. ಹಿರಿಯರ ಹೆಸರನ್ನು ಬಿಡದೆಯೂ ಬೇರೆಯಾಗಿ ನಿಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಮೇಲುಕೋಟೆ: ಚಿಹ್ನೆ ಇಲ್ಲದೆ ಗೆದ್ದ ಶಿಷ್ಯೆ

ರಾಜಮನೆತನಗಳಲ್ಲಿ ರಕ್ತಸಂಬಂಧವೇ ಹಕ್ಕು. ಸಿನಿಮಾ ಮತ್ತು ಪಕ್ಷ ರಾಜಕಾರಣದಲ್ಲಿ ಹಾಗಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1948ರ ಫೆಬ್ರುವರಿ 24ರಂದು ಜನಿಸಿದ ಜಯಲಲಿತಾ, ತೆರೆಯ ಮೇಲಿನ ಮಹಾವೀರನೊಬ್ಬನ ವಾರಸಿಕೆಯನ್ನು ರಕ್ತಸಂಬಂಧವಿಲ್ಲದೆ ಪಡೆದವರು. ಬಿ.ಆರ್. ಪಂತುಲು ಅವರ ‘ಚಿನ್ನದ ಗೊಂಬೆ’ (1964) ಮೂಲಕ ಕನ್ನಡ ಪ್ರೇಕ್ಷಕರಿಗೆ ಪರಿಚಯವಾದ ಅವರು, ಮರುವರ್ಷ ಅದೇ ನಿರ್ದೇಶಕರ ತಮಿಳು ಚಿತ್ರದಲ್ಲಿ ಎಂ.ಜಿ. ರಾಮಚಂದ್ರನ್ ಅವರಿಗೆ ಜೋಡಿಯಾದರು. ಎಂಜಿಆರ್ ತೆರೆಯ ಮೇಲೆ ಬಡವರ ರಕ್ಷಕ. ತೆರೆಯಾಚೆ ಅದೇ ವರ್ಚಸ್ಸಿನಿಂದ 1977ರಲ್ಲಿ ಮುಖ್ಯಮಂತ್ರಿಯಾದವರು. ನಮ್ಮ ನಾಡಿನಲ್ಲಿ ನಿಜವಾದ ಸೂಪರ್ ಹೀರೋಗೆ ಇದಕ್ಕಿಂತ ಹತ್ತಿರದ ಮಾದರಿ ಅಪರೂಪ.

1987ರ ಡಿಸೆಂಬರ್ 24ರಂದು ಎಂಜಿಆರ್ ನಿಧನರಾದಾಗ ಅಂತಿಮಯಾತ್ರೆಯ ವಾಹನದಿಂದಲೇ ಜಯಲಲಿತಾ ಅವರನ್ನು ಕೆಳಗೆ ತಳ್ಳಲಾಯಿತು. ಪಕ್ಷ ಎರಡು ಹೋಳಾಯಿತು. ಎಂಜಿಆರ್ ಪತ್ನಿ ಜಾನಕಿ ಕೆಲವು ವಾರ ಮುಖ್ಯಮಂತ್ರಿಯಾಗಿದ್ದರು. 1989ರ ಚುನಾವಣೆಯಲ್ಲಿ ಪಕ್ಷದ ಎರಡೆಲೆ ಚಿಹ್ನೆ ಯಾರಿಗೂ ಸಿಗಲಿಲ್ಲ. ಜಯಲಲಿತಾ ಬಣ ಹುಂಜದ ಚಿಹ್ನೆಯಲ್ಲಿ ಸ್ಪರ್ಧಿಸಿ 27 ಸ್ಥಾನ ಪಡೆಯಿತು. ಅಧಿಕಾರ ಸಿಗದಿದ್ದರೂ ಅವರು ವಿರೋಧ ಪಕ್ಷದ ನಾಯಕಿಯಾದರು, ಜಾನಕಿ ಬಣ ನೆಲಕಚ್ಚಿತು. ನಾಯಕನ ಮುಖವಾಡವಿಲ್ಲದೆ ಜನರ ಮುಂದೆ ಹೋಗಿ ಬಂದ ಮೇಲೆಯೇ ಪಕ್ಷವೂ ಚಿಹ್ನೆಯೂ ಅವರ ಕೈಗೆ ಬಂದವು. 1991ರಲ್ಲಿ ಅವರು ಮುಖ್ಯಮಂತ್ರಿಯಾದರು.

ಬಿರುದುಗಳ ಬದಲಾವಣೆಯೂ ಇದೇ ಕಥೆಯನ್ನು ಹೇಳುತ್ತದೆ. ಎಂಜಿಆರ್ ‘ಪುರಚ್ಚಿ ತಲೈವರ್’ ಆಗಿದ್ದರೆ ಜಯಲಲಿತಾ ಮೊದಲು ‘ಪುರಚ್ಚಿ ತಲೈವಿ’. ಅಂದರೆ ಅದೇ ಬಿರುದಿನ ಸ್ತ್ರೀರೂಪ. ಕೊನೆಗೆ ಉಳಿದದ್ದು ‘ಅಮ್ಮ’. ಎಂಜಿಆರ್ ಶಾಲಾ ಮಕ್ಕಳ ಮಧ್ಯಾಹ್ನದ ಊಟವನ್ನು ವಿಸ್ತರಿಸಿದ್ದರೆ, 2013ರಲ್ಲಿ ಇವರು ತೆರೆದ ಅಮ್ಮ ಕ್ಯಾಂಟೀನ್ ಬೇರೆ ರಾಜ್ಯಗಳಿಗೂ ಮಾದರಿಯಾಯಿತು. 2017ರ ನಮ್ಮ ಇಂದಿರಾ ಕ್ಯಾಂಟೀನ್‌ಗೂ ಅದೇ ಮೇಲ್ಪಂಕ್ತಿ. ಅಕ್ರಮ ಆಸ್ತಿ ಪ್ರಕರಣದಲ್ಲಿ 2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು, 2015ರಲ್ಲಿ ಹೈಕೋರ್ಟ್ ಬಿಡುಗಡೆ ಮಾಡಿತು. ಆ ಕಳಂಕದ ಲೆಕ್ಕವೂ ಗುರುವಿನದಲ್ಲ, ಅವರದೇ. ಮಂಡ್ಯದ ಪಾಲಿಗೆ ಇನ್ನೊಂದು ವಿಪರ್ಯಾಸವಿದೆ. ಮೇಲುಕೋಟೆಯ ಮಗಳು 1993ರಲ್ಲಿ ಕಾವೇರಿ ನೀರಿಗಾಗಿ ಚೆನ್ನೈನ ಮರೀನಾದಲ್ಲಿ ಉಪವಾಸ ಕೂತರು. ಹುಟ್ಟಿದ ನಾಡಿನ ರೈತರಿಗೆ ಅವರು ಎದುರಾಳಿಯಾದರು. 2016ರ ಡಿಸೆಂಬರ್ 5ರಂದು ನಿಧನರಾದ ಅವರನ್ನು ಎಂಜಿಆರ್ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಲಾಯಿತು. ಆದರೆ ತಮ್ಮ ನಂತರ ಯಾರು ಎಂಬುದನ್ನು ಅವರು ತೋರಿಸಿ ಹೋಗಲಿಲ್ಲ. ಪಕ್ಷ ಮತ್ತೆ ಒಡೆಯಿತು.

ಪಾಂಡವಪುರ: ಎಲ್ಲರೂ ಹೊದ್ದ ಹಸಿರು ಶಾಲು

ಅದೇ ತಾಲ್ಲೂಕಿನಲ್ಲಿ ಇನ್ನೊಂದು ವಾರಸಿಕೆ ತೀರ ಬೇರೆ ರೀತಿಯದು. ಇಲ್ಲಿನ ವೇಷ ಒಬ್ಬನದಲ್ಲ. 1980ರಲ್ಲಿ ರೂಪುಗೊಂಡ ಕರ್ನಾಟಕ ರಾಜ್ಯ ರೈತ ಸಂಘದ ಹಸಿರು ಶಾಲನ್ನು ಸಾವಿರಾರು ಜನ ಹೆಗಲ ಮೇಲೆ ಹಾಕಿಕೊಳ್ಳುತ್ತಾರೆ. ಸಂಘಕ್ಕೆ ದನಿಯಾಗಿದ್ದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಕಾನೂನು ಪಂಡಿತರು. ಬಹುರಾಷ್ಟ್ರೀಯ ಕಂಪನಿಗಳ ಬೀಜ ನೀತಿಯ ವಿರುದ್ಧ 1990ರ ದಶಕದಲ್ಲಿ ಅಂತರರಾಷ್ಟ್ರೀಯ ಮಟ್ಟದ ಚಳವಳಿ ಕಟ್ಟಿದವರು. 2004ರಲ್ಲಿ ಅವರು ನಿಧನರಾದರು. ಸಂಘ ಬಣಗಳಾಗಿ ಒಡೆದಾಗ ಒಂದು ಬಣದ ಮುಂದಾಳಾಗಿದ್ದವರು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ.

ಪುಟ್ಟಣ್ಣಯ್ಯನವರು ನಂಜುಂಡಸ್ವಾಮಿಯವರ ಪ್ರತಿರೂಪವಾಗಲು ಹೋಗಲಿಲ್ಲ. ಪ್ರೊಫೆಸರ ಸಿದ್ಧಾಂತದ ಭಾಷೆಗೆ ಬದಲಾಗಿ ಹೊಲದ ಬದುವಿನ ಭಾಷೆಯಲ್ಲಿ, ಹಾಸ್ಯ ಬೆರೆಸಿ, ಕಬ್ಬಿನ ಬಾಕಿ ಮತ್ತು ನಾಲೆಯ ನೀರಿನ ವಿಷಯವನ್ನು ಸಭೆಯಲ್ಲೂ ಸದನದಲ್ಲೂ ಹೇಳಿದರು. 1994ರಲ್ಲಿ ಪಾಂಡವಪುರದಿಂದ, ಕ್ಷೇತ್ರ ಮರುವಿಂಗಡಣೆಯ ನಂತರ 2013ರಲ್ಲಿ ಮೇಲುಕೋಟೆಯಿಂದ ಶಾಸಕರಾದರು. 2018ರ ಫೆಬ್ರುವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ವೀಕ್ಷಿಸುತ್ತಿದ್ದಾಗ ಹೃದಯಾಘಾತದಿಂದ ನಿಧನರಾದರು.

ಮೂರು ತಿಂಗಳೊಳಗೆ ವಿಧಾನಸಭಾ ಚುನಾವಣೆ. ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸುತ್ತಿದ್ದ ಮಗ ದರ್ಶನ್ ಪುಟ್ಟಣ್ಣಯ್ಯ ಸ್ವರಾಜ್ ಇಂಡಿಯಾ ಅಭ್ಯರ್ಥಿಯಾದರು. ಕಾಂಗ್ರೆಸ್ ಅಭ್ಯರ್ಥಿಯನ್ನು ಹಾಕದೆ ಬೆಂಬಲಿಸಿತು. ಅನುಕಂಪ, ಹೆಸರು, ಬೆಂಬಲ ಮೂರೂ ಇದ್ದವು. ಆದರೂ ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಇಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ತಂದೆಯನ್ನು ಪ್ರೀತಿಸಿದ ಕ್ಷೇತ್ರ ಮಗನಿಗೆ ಕಾಯಲು ಹೇಳಿತು. ಐದು ವರ್ಷಗಳ ನಂತರ, 2023ರಲ್ಲಿ, ದರ್ಶನ್ ಸರ್ವೋದಯ ಕರ್ನಾಟಕ ಪಕ್ಷದಿಂದ ಅದೇ ಪುಟ್ಟರಾಜು ಅವರನ್ನು ಹತ್ತು ಸಾವಿರದಷ್ಟು ಮತಗಳಿಂದ ಸೋಲಿಸಿದರು. ಆಗಲೂ ಕಾಂಗ್ರೆಸ್ ಬೆಂಬಲವಿತ್ತು.

ಈ ಎರಡು ಫಲಿತಾಂಶಗಳ ನಡುವಿನ ಅಂತರವನ್ನು ಗಮನಿಸಬೇಕು. 2018ರಲ್ಲಿ ಮತದಾರರ ಮುಂದಿದ್ದದ್ದು ಪುಟ್ಟಣ್ಣಯ್ಯನವರ ನೆನಪು. 2023ರಲ್ಲಿ ಸೋತ ಮೇಲೂ ಊರು ಬಿಡದ ಒಬ್ಬ ಅಭ್ಯರ್ಥಿಯೂ ಇದ್ದರು. ಹಸಿರು ಶಾಲಿನ ವಾರಸಿಕೆಯ ವಿಶೇಷ ಇಲ್ಲಿದೆ: ಅದು ಕುಟುಂಬದ ಆಸ್ತಿಯಲ್ಲವಾದ್ದರಿಂದ ಅದನ್ನು ಹೊದ್ದ ಮಾತ್ರಕ್ಕೆ ಯಾರೂ ನಾಯಕರಾಗುವುದಿಲ್ಲ. ಮಗನಾದರೂ ಸಂಘದ ಸಾಲಿನಲ್ಲಿ ನಿಂತು ಒಪ್ಪಿಗೆ ಪಡೆಯಬೇಕು. ಇನ್ನು ತಂದೆಗಿಂತ ಬೇರೆಯಾಗಿ ನಿಲ್ಲುವ ಪ್ರಶ್ನೆ ಉಳಿಯುತ್ತದೆ. ತಂದೆ ಬಹುಕಾಲ ಬೀದಿಯ ಹೋರಾಟಗಾರ, ಮಗ ತಂತ್ರಜ್ಞಾನದ ಹಿನ್ನೆಲೆಯವರು. ಕಬ್ಬು ಬೆಳೆಗಾರನ ಬಾಕಿ, ಬೀಳುತ್ತಿರುವ ಅಂತರ್ಜಲ, ಹಳ್ಳಿ ಬಿಡುತ್ತಿರುವ ಯುವಕರು – ಇವುಗಳಲ್ಲಿ ಯಾವುದಕ್ಕೆ ಹೊಸ ಉತ್ತರ ಸಿಗುತ್ತದೆ ಎಂಬುದರ ಮೇಲೆ ಆ ತೀರ್ಪು ನಿಂತಿದೆ.

ಹೆಸರುಗಳೇ ಎದುರಾದ 2019

ಈ ನಾಲ್ಕೂ ತಾಲ್ಲೂಕುಗಳು ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ವಾರಸಿಕೆಯ ವಿಷಯದಲ್ಲಿ 2019ರ ಚುನಾವಣೆ ಇಲ್ಲಿ ಮರೆಯಲಾಗದ ಪಾಠ. ಒಂದೆಡೆ ಎಚ್.ಡಿ. ದೇವೇಗೌಡರ ಮೊಮ್ಮಗ, ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಮಗ ನಿಖಿಲ್. ಇನ್ನೊಂದೆಡೆ 2018ರ ನವೆಂಬರ್ 24ರಂದು ನಿಧನರಾದ ‘ಮಂಡ್ಯದ ಗಂಡು’ ಅಂಬರೀಷ್ ಅವರ ಪತ್ನಿ ಸುಮಲತಾ. ಕ್ಷೇತ್ರದ ಎಂಟೂ ವಿಧಾನಸಭಾ ಸ್ಥಾನಗಳನ್ನು ಹಿಂದಿನ ವರ್ಷ ಗೆದ್ದಿದ್ದ ಪಕ್ಷದ ಅಭ್ಯರ್ಥಿ ನಿಖಿಲ್; ಪಕ್ಷೇತರರಾಗಿ ನಿಂತ ಸುಮಲತಾ ಅವರಿಗೆ ಬಿಜೆಪಿ ಬೆಂಬಲವಿತ್ತು, ನಟರಾದ ದರ್ಶನ್ ಮತ್ತು ಯಶ್ ಜೋಡೆತ್ತುಗಳಂತೆ ಊರೂರು ಸುತ್ತಿದರು. ಫಲಿತಾಂಶದಲ್ಲಿ ಸುಮಲತಾ 1,25,876 ಮತಗಳಿಂದ ಗೆದ್ದರು.

ಅದೇ ವರ್ಷ ತೆರೆ ಕಂಡ ‘ಕುರುಕ್ಷೇತ್ರ’ ಚಿತ್ರದಲ್ಲಿ ಅಂಬರೀಷ್ ಭೀಷ್ಮ, ನಿಖಿಲ್ ಅಭಿಮನ್ಯು. ಕಾಕತಾಳೀಯವೆನಿಸಿದರೂ ಅಭಿಮನ್ಯುವಿನ ಕಥೆ ವಾರಸುದಾರರ ಕಥೆಯೇ: ವ್ಯೂಹ ಹೊಗುವ ವಿದ್ಯೆ ತಂದೆಯಿಂದ ಬಂದಿತ್ತು, ಹೊರಬರುವ ವಿದ್ಯೆ ಬಂದಿರಲಿಲ್ಲ. ಮುಂದಿನ ಬೆಳವಣಿಗೆಗಳು ಎರಡೂ ಕಡೆಗೆ ಪಾಠ ಹೇಳಿದವು. ನಿಖಿಲ್ 2023ರಲ್ಲಿ ರಾಮನಗರದಲ್ಲಿ, 2024ರ ನವೆಂಬರ್‌ನಲ್ಲಿ ಚನ್ನಪಟ್ಟಣದ ಉಪಚುನಾವಣೆಯಲ್ಲಿ ಸೋತರು. ಸುಮಲತಾ 2024ರಲ್ಲಿ ಬಿಜೆಪಿ ಸೇರಿದರಾದರೂ ಕ್ಷೇತ್ರ ಮೈತ್ರಿಯಲ್ಲಿ ಜೆಡಿಎಸ್‌ಗೆ ಹೋಯಿತು. ಕುಮಾರಸ್ವಾಮಿ ಅವರೇ ನಿಂತು ಗೆದ್ದರು. ಅಗಲಿದ ನಾಯಕನ ಹೆಸರು ಒಂದು ಚುನಾವಣೆಯನ್ನು ಗೆಲ್ಲಿಸಬಹುದು. ಎರಡನೆಯ ಅವಕಾಶವನ್ನು ಅದೇ ಹೆಸರು ಕಾಯ್ದಿರಿಸುವುದಿಲ್ಲ.

ಕೆ.ಆರ್. ಪೇಟೆ: ಹಿರಿಯರು ಕಣ್ಣೆದುರಿಗಿದ್ದಾಗ

ಇದುವರೆಗಿನ ಹೆಚ್ಚಿನ ಉದಾಹರಣೆಗಳಲ್ಲಿ ಹಿಂದಿನವರು ಕಣ್ಮರೆಯಾಗಿದ್ದರು. ಅವರು ಎದುರಿಗೇ ಇದ್ದರೆ? ಕಾಮಿಕ್ಸ್‌ನಲ್ಲಿ ಸತ್ತಿದ್ದ ಬ್ಯಾರಿ ಆಲನ್ 2008ರಲ್ಲಿ ಮತ್ತೆ ಬಂದಾಗ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಫ್ಲ್ಯಾಶ್ ಆಗಿದ್ದ ವಾಲಿ ಬದಿಗೆ ಸರಿಯಬೇಕಾಯಿತು. ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ 1943ರಲ್ಲಿ ಹುಟ್ಟಿ ಶಿಕಾರಿಪುರದಲ್ಲಿ ನೆಲೆಕಂಡ ಬಿ.ಎಸ್. ಯಡಿಯೂರಪ್ಪ ಅವರ ಮನೆತನದಲ್ಲಿ ಈ ಪ್ರಶ್ನೆ ಕಾಣುತ್ತದೆ.

ಮಗ ಬಿ.ವೈ. ವಿಜಯೇಂದ್ರ ಅವರಿಗೆ 2018ರಲ್ಲಿ ವರುಣಾ ಕ್ಷೇತ್ರದ ಟಿಕೆಟ್ ತಪ್ಪಿತು. 2019ರ ಡಿಸೆಂಬರ್‌ನ ಕೆ.ಆರ್. ಪೇಟೆ ಉಪಚುನಾವಣೆಯ ಹೊಣೆ ಅವರಿಗೆ ಸಿಕ್ಕಿತು. ಅಲ್ಲಿ ಕೆ.ಸಿ. ನಾರಾಯಣಗೌಡ ಗೆದ್ದಾಗ ಮಂಡ್ಯ ಜಿಲ್ಲೆಯಲ್ಲಿ ಬಿಜೆಪಿಗೆ ಮೊದಲ ವಿಧಾನಸಭಾ ಸ್ಥಾನ ದಕ್ಕಿತು. ತಂದೆ ಹುಟ್ಟಿದ ತಾಲ್ಲೂಕಿನಲ್ಲಿ, ತಂದೆಯ ಕಾಲದಲ್ಲಿ ಆಗದಿದ್ದ ಕೆಲಸ ಅದು. ಆದರೆ ಆಗ ಮುಖ್ಯಮಂತ್ರಿ ತಂದೆಯೇ ಆಗಿದ್ದುದರಿಂದ ಗೆಲುವಿನಲ್ಲಿ ಯಾರ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. 2023ರಲ್ಲಿ ಆ ಸ್ಥಾನ ಮತ್ತೆ ಜೆಡಿಎಸ್ ಪಾಲಾಯಿತು. ಅದೇ ವರ್ಷ ವಿಜಯೇಂದ್ರ ಶಿಕಾರಿಪುರದಿಂದ ಗೆದ್ದರು. ತಂದೆ 2018ರಲ್ಲಿ 35 ಸಾವಿರದಷ್ಟು ಅಂತರ ಪಡೆದಿದ್ದ ಕಡೆ ಮಗನ ಅಂತರ 11 ಸಾವಿರದಷ್ಟಿತ್ತು. ನವೆಂಬರ್‌ನಲ್ಲಿ ಅವರು ಪಕ್ಷದ ರಾಜ್ಯಾಧ್ಯಕ್ಷರಾಗಿ ನೇಮಕಗೊಂಡರು. ಹಿರಿಯರು ಬೆನ್ನಿಗಿರುವುದು ಆರಂಭದಲ್ಲಿ ಬಲ. ಲೆಕ್ಕ ಒಪ್ಪಿಸುವ ಹೊತ್ತಿಗೆ ಅದೇ ತೊಡಕು.

ನಾಗಮಂಗಲ: ಬೇರೆಯಾಗುವುದೇ ಗುರಿಯಲ್ಲದ ಪರಂಪರೆ

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ಉದಾಹರಣೆ ಈ ಚರ್ಚೆಯ ಮತ್ತೊಂದು ತುದಿ. ಇಲ್ಲಿ ಪೀಠಕ್ಕೆ ಕ್ರಮಸಂಖ್ಯೆ ಇದೆ, ಪೀಠವೇರಿದವರ ಹೆಸರಿನ ಕೊನೆಯಲ್ಲಿ ‘ನಾಥ’ ಎಂಬ ಪರಂಪರೆಯ ಗುರುತಿದೆ. 1974ರಲ್ಲಿ 71ನೇ ಪೀಠಾಧ್ಯಕ್ಷರಾದ ಬಾಲಗಂಗಾಧರನಾಥ ಸ್ವಾಮೀಜಿ, ಮಠವನ್ನು ಶಾಲೆ, ಕಾಲೇಜು, ವೈದ್ಯಕೀಯ ಮಹಾವಿದ್ಯಾಲಯಗಳ ದೊಡ್ಡ ಸಂಸ್ಥೆಯಾಗಿ ಬೆಳೆಸಿದರು. 2010ರಲ್ಲಿ ಪದ್ಮಭೂಷಣ ಪಡೆದ ಅವರು 2013ರ ಜನವರಿ 13ರಂದು ಲಿಂಗೈಕ್ಯರಾದರು. 72ನೆಯವರಾಗಿ ನಿರ್ಮಲಾನಂದನಾಥ ಸ್ವಾಮೀಜಿ ಪೀಠವೇರಿದರು.

ಬೆಳ್ಳೂರು ಬಳಿಯ ಆಸ್ಪತ್ರೆ, ಕಾಲೇಜುಗಳ ಆವರಣಕ್ಕೆ ಇಂದಿಗೂ ಹಿಂದಿನ ಶ್ರೀಗಳ ಹೆಸರೇ: ಬಿ.ಜಿ. ನಗರ. ಉತ್ತರಾಧಿಕಾರಿಯ ಕಾಲದಲ್ಲಿ, 2018ರಲ್ಲಿ, ಅದೇ ನೆಲದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯ ಆರಂಭವಾಯಿತು. ಗುರು ಶಿಷ್ಯ ಪರಂಪರೆಯಲ್ಲಿ ಶಿಷ್ಯ ಗುರುವಿಗಿಂತ ಭಿನ್ನ ಎಂದು ಸಾರುವುದು ಸಾಧನೆಯಲ್ಲ. ಗುರು ಕಟ್ಟಿದ್ದು ಕುಸಿಯದಂತೆ ನೋಡಿಕೊಂಡು ಒಂದು ಅಂತಸ್ತು ಏರಿಸುವುದೇ ಸಾಧನೆ. ರೋಗಿಗೆ, ವಿದ್ಯಾರ್ಥಿಗೆ ಪೀಠದಲ್ಲಿರುವವರ ಸಂಖ್ಯೆ ಮುಖ್ಯವಲ್ಲ, ಬಾಗಿಲು ತೆರೆದಿದೆಯೇ ಎಂಬುದು ಮುಖ್ಯ.

ಅಳೆಯುವುದು ಹೇಗೆ?

ಈ ಎಲ್ಲ ನಿದರ್ಶನಗಳನ್ನು ಒಟ್ಟಿಗಿಟ್ಟು ನೋಡಿದರೆ ವಾರಸುದಾರರು ಪ್ರತ್ಯೇಕವಾಗಿ ನಿಲ್ಲಬಲ್ಲರು ಎಂಬುದರಲ್ಲಿ ಅನುಮಾನವಿಲ್ಲ. ಅದಕ್ಕೆ ಹಿರಿಯರನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ. ಟಿಪ್ಪು ತಂದೆಯ ಅಕ್ಷರವನ್ನು ನಾಣ್ಯದಲ್ಲಿ ಉಳಿಸಿಕೊಂಡ, ನಾಲ್ವಡಿಯವರು ವಂಶದ ಹೆಸರನ್ನೇ ಹೊತ್ತರು, ಜಯಲಲಿತಾ ಗುರುವಿನ ಪಕ್ಕದಲ್ಲೇ ಮಲಗಿದ್ದಾರೆ. ಆದರೂ ಮೂವರನ್ನು ಗುರುತಿಸಲು ಯಾರೂ ಹಿಂದಿನವರ ಹೆಸರು ಹೇಳಬೇಕಾಗಿಲ್ಲ.

ಇವರೆಲ್ಲ ದಾಟಿದ ಪರೀಕ್ಷೆಗಳು ಮೂರು. ಮೊದಲನೆಯದು, ಹಿರಿಯರ ಚಿಹ್ನೆಯಾಗಲಿ ಅನುಕಂಪವಾಗಲಿ ಕೈಹಿಡಿಯದ ಒಂದು ಸಂದರ್ಭವನ್ನು ಎದುರಿಸಿ ಉಳಿಯುವುದು. ಹುಂಜದ ಚಿಹ್ನೆಯ 1989, ಮೇಲುಕೋಟೆಯ 2018 ಇಂಥವು. ಎರಡನೆಯದು, ಹಿರಿಯರು ಮಾಡದೆ ಬಿಟ್ಟ ಅಥವಾ ಅವರ ಕಾಲಕ್ಕೆ ಎದುರಾಗದ ಕೆಲಸವೊಂದನ್ನು ಜನರ ಕೈಗೆ ಸಿಗುವಂತೆ ಮಾಡುವುದು. ಮೂರನೆಯದು, ತಪ್ಪುಗಳ ಲೆಕ್ಕವನ್ನೂ ಸ್ವಂತ ಹೆಸರಿನಲ್ಲೇ ಹೊರುವುದು. ಗೆದ್ದರೆ ನನ್ನದು, ಸೋತರೆ ಮನೆತನದ ವಿರುದ್ಧದ ಪಿತೂರಿ ಎನ್ನುವವರು ಮುಖವಾಡದೊಳಗೇ ಉಳಿಯುತ್ತಾರೆ.

ಜನರ ಪಾಲೂ ಇದರಲ್ಲಿದೆ. ವಾರಸುದಾರರ ನಡಿಗೆ, ದನಿ, ಮೀಸೆಯಲ್ಲಿ ಹಿರಿಯರನ್ನು ಹುಡುಕಿ ಚಪ್ಪಾಳೆ ತಟ್ಟುವ ಸಭೆ, ಅವರಿಂದ ಹೊಸ ಕೆಲಸವನ್ನು ಬೇಡುವುದನ್ನು ಮರೆಯುತ್ತದೆ. ಕಾಡಿನ ಜನ ಫ್ಯಾಂಟಮ್‌ನ ಮುಖವನ್ನು ಎಂದೂ ನೋಡುವುದಿಲ್ಲ, ಅದು ಕಥೆಯ ಕಟ್ಟಳೆ. ಮತ ಹಾಕುವ ನಾಡಿನಲ್ಲಿ ಆ ಕಟ್ಟಳೆ ನಡೆಯದು. ನಾಲೆಯ ಕೊನೆಯ ಹೊಲದ ರೈತನಿಗೆ ಕಾಲುವೆಗೆ ಯಾರ ಹೆಸರಿಟ್ಟಿದ್ದಾರೆ ಎಂಬುದಕ್ಕಿಂತ, ಈ ಬಾರಿ ನೀರು ತಲುಪಿತೇ, ತಲುಪಿಸಿದವರು ಯಾರು ಎಂಬುದೇ ದೊಡ್ಡದು.